ನೊಂದ ಮಗುವಿನ ಕಡತಕ್ಕೆ ಎಷ್ಟು ಆಯುಷ್ಯ?

ತಪ್ಪು ಮಾಡಿದ ಮಗುವಿನ ಕಡತವನ್ನು ಯಾವಾಗ ನಾಶಪಡಿಸಬೇಕು ಎಂಬುದನ್ನು ನಮ್ಮ ಕಾನೂನು ವರ್ಷ ಎಣಿಸಿ ಹೇಳಿದೆ. 2015ರ ಬಾಲನ್ಯಾಯ ಕಾಯ್ದೆ, ಅಪರಾಧದ ಹಾದಿ ತುಳಿದ ಮಗುವಿಗೂ ಹೊಸದಾಗಿ ಬದುಕು ಆರಂಭಿಸುವ ಹಕ್ಕಿದೆ ಎನ್ನುತ್ತದೆ. ಅದರ ಕೆಳಗೆ ಬಂದ 2016ರ ಮಾದರಿ ನಿಯಮಗಳ ಪ್ರಕಾರ ಅಂಥ ಮಗುವಿನ ದಾಖಲೆಯನ್ನು ಮೇಲ್ಮನವಿಯ ಅವಧಿ ಮುಗಿಯುವವರೆಗೆ ಅಥವಾ ಏಳು ವರ್ಷ ಇಡಬೇಕು, ಆಮೇಲೆ ಇಡಕೂಡದು. ಘೋರ ಅಪರಾಧದ ಕೆಲವು ಪ್ರಕರಣಗಳನ್ನಷ್ಟೇ ಇದರಿಂದ ಹೊರಗಿಡಲಾಗಿದೆ. ಇದು ನ್ಯಾಯವಾದದ್ದೇ. ಆದರೆ ತಪ್ಪಿಗೆ ಗುರಿಯಾದ ಮಗುವಿನ ಕಡೆ ತಿರುಗಿದರೆ ಲೆಕ್ಕ ತಪ್ಪುತ್ತದೆ. ಲೈಂಗಿಕ ಅಪರಾಧಗಳಿಂದ ಮಕ್ಕಳನ್ನು ರಕ್ಷಿಸುವ 2012ರ ಪೋಕ್ಸೊ ಕಾಯ್ದೆಯ ಸೆಕ್ಷನ್ 19, ವಿಷಯ ಗೊತ್ತಾದ ಯಾರೇ ಆಗಲಿ ಪೊಲೀಸರಿಗೆ ತಿಳಿಸಲೇಬೇಕು ಎನ್ನುತ್ತದೆ. ತಿಳಿಸದಿದ್ದರೆ ಆರು ತಿಂಗಳವರೆಗೆ ಜೈಲು. ಸಂಸ್ಥೆಯ ಮುಖ್ಯಸ್ಥರು ತಮ್ಮ ಕೈಕೆಳಗಿನವರ ಕೃತ್ಯವನ್ನು ಮುಚ್ಚಿಟ್ಟರೆ ಒಂದು ವರ್ಷದವರೆಗೆ. ತಿಳಿಸಿದ ಮೇಲೆ ಶಾಲೆಯಲ್ಲಿ ಉಳಿಯುವ ಕಾಗದಗಳ ಗತಿ ಏನು? ದೂರಿನ ಪ್ರತಿ, ಶಿಕ್ಷಕಿ ಬರೆದ ಟಿಪ್ಪಣಿ, ಸಮಿತಿಯ ನಡಾವಳಿಗಳನ್ನು ಎಷ್ಟು ವರ್ಷ ಕಾಪಾಡಬೇಕು ಎಂಬುದಕ್ಕೆ ಆ ಕಾಯ್ದೆಯಲ್ಲಿ ಒಂದು ಸಾಲೂ ಇಲ್ಲ. ನೋಯಿಸಿದವರ ಕಡತಕ್ಕೆ ಗಡುವು ಇದೆ, ನೊಂದವರ ಕಡತ ಹೆಡ್‌ಮಾಸ್ತರರ ವಿವೇಚನೆಗೆ ಬಿಟ್ಟಿದೆ. ಈ ಅಂತರವನ್ನು ಮುಚ್ಚಬೇಕು, ಮತ್ತು ಮುಚ್ಚುವಾಗ ಕಡತದ ವಯಸ್ಸನ್ನಲ್ಲ, ಮಗುವಿನ ವಯಸ್ಸನ್ನು ಎಣಿಸಬೇಕು ಎಂಬುದು ಈ ಲೇಖನದ ವಾದ.

ದೇವರ ಹಿಪ್ಪರಗಿಯಂಥ ಊರಲ್ಲಿ ನಿಂತು ನೋಡಿದರೆ ಇದರ ತುರ್ತು ಅರ್ಥವಾಗುತ್ತದೆ. ವಿಜಯಪುರ ಮತ್ತು ಸಿಂದಗಿಯ ನಡುವಿನ ಹೆದ್ದಾರಿಯ ಮೇಲಿರುವ ಈ ಊರು ಮೊದಲು ಸಿಂದಗಿ ತಾಲ್ಲೂಕಿಗೆ ಸೇರಿತ್ತು, ಈಗ ತಾನೇ ತಾಲ್ಲೂಕು ಕೇಂದ್ರ. ಹಳೆಯ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ತಾಲ್ಲೂಕುಗಳೂ ಒಡೆದು ಚಡಚಣ, ಆಲಮೇಲ, ತಾಳಿಕೋಟೆ, ನಿಡಗುಂದಿ, ಕೊಲ್ಹಾರ ಎಂಬ ಹೊಸ ತಾಲ್ಲೂಕುಗಳಾಗಿವೆ. ಕಚೇರಿ ಎರಡಾದಾಗ ಕಡತಗಳೂ ಎರಡು ಕಡೆ ಹಂಚಿಹೋಗುತ್ತವೆ. ಆಲಮಟ್ಟಿಯ ಹಿನ್ನೀರಿಗೆ ಊರುಗಳೇ ಎದ್ದುಹೋದ ಜಿಲ್ಲೆ ಇದು. ಊರಿನೊಂದಿಗೆ ಅಲ್ಲಿನ ಸಾಲಿಗಳೂ ಜಾಗ ಬದಲಿಸಿದವು. 2020ರ ಅಕ್ಟೋಬರ್‌ನಲ್ಲಿ ಭೀಮೆ ಉಕ್ಕಿದಾಗ ಇಂಡಿ, ಸಿಂದಗಿ ಭಾಗದ ಹೊಳೆದಂಡೆಯ ಹಳ್ಳಿಗಳಿಗೆ ನೀರು ನುಗ್ಗಿತು. ಇನ್ನು ಗುಳೆ. ಮಳೆ ಕೈಕೊಟ್ಟ ವರ್ಷ ಇಲ್ಲಿನ ಕುಟುಂಬಗಳು ಸಾಂಗ್ಲಿ, ಕೊಲ್ಹಾಪುರದ ಕಬ್ಬಿನ ಗದ್ದೆಗೋ, ಗೋವಾ, ಪುಣೆ, ಬೆಂಗಳೂರಿನ ಕಟ್ಟಡ ಕೆಲಸಕ್ಕೋ ಹೋಗುತ್ತವೆ. ಮಕ್ಕಳು ಅಜ್ಜಿಯ ಮನೆಯಲ್ಲಿ, ಹಾಸ್ಟೆಲ್‌ನಲ್ಲಿ ಉಳಿಯುತ್ತಾರೆ, ಇಲ್ಲವೇ ಅಪ್ಪ ಅವ್ವನ ಜೊತೆ ಹೋಗಿ ಅರ್ಧ ವರ್ಷಕ್ಕೆ ಇನ್ನೊಂದು ಸಾಲಿ ಸೇರುತ್ತಾರೆ. ಹೆತ್ತವರ ಕಣ್ಣಿನಿಂದ ದೂರ ಇರುವ ಮಗುವಿಗೆ ಅಪಾಯ ಹೆಚ್ಚು. ಅದರ ಬಗ್ಗೆ ಯಾರಾದರೂ ಬರೆದಿಟ್ಟ ಕಾಗದ ಕಳೆದುಹೋಗುವ ಸಾಧ್ಯತೆಯೂ ಹೆಚ್ಚು.

ಮಕ್ಕಳ ರಕ್ಷಣೆಯ ದಾಖಲೆ ಎಂದರೆ ದಪ್ಪ ಫೈಲೇ ಆಗಬೇಕೆಂದಿಲ್ಲ. ಸಲಹಾ ಪೆಟ್ಟಿಗೆಯಲ್ಲಿ ಸಿಕ್ಕ ಹೆಸರಿಲ್ಲದ ಚೀಟಿ, ಹುಡುಗನ ಬೆನ್ನ ಮೇಲಿನ ಬಾಸುಂಡೆ ನೋಡಿ ಅಕ್ಕೋರು ದಿನಾಂಕ ಹಾಕಿ ಬರೆದ ನಾಲ್ಕು ಸಾಲು, ಎಂಟನೆಯ ತರಗತಿಯ ಹುಡುಗಿ ಏಕಾಏಕಿ ಬರುವುದು ನಿಂತಾಗ ಮನೆಗೆ ಹೋಗಿ ವಿಚಾರಿಸಿದ ವರದಿ, 1098ಕ್ಕೆ ಕರೆ ಮಾಡಿದ ಸಮಯ, ಪೊಲೀಸ್ ಠಾಣೆ ಕೊಟ್ಟ ಸ್ವೀಕೃತಿ, ಮಕ್ಕಳ ಕಲ್ಯಾಣ ಸಮಿತಿಯಿಂದ ಬಂದ ಪತ್ರ ಎಲ್ಲವೂ ಇದರಲ್ಲಿ ಸೇರುತ್ತವೆ. 2014ರ ಜುಲೈನಲ್ಲಿ ಬೆಂಗಳೂರಿನ ಖಾಸಗಿ ಶಾಲೆಯೊಂದರಲ್ಲಿ ಆರು ವರ್ಷದ ಬಾಲಕಿಯ ಮೇಲೆ ನಡೆದ ದೌರ್ಜನ್ಯ ಪಾಲಕರನ್ನು ಬೀದಿಗಿಳಿಸಿತು. 2016ರಲ್ಲಿ ರಾಜ್ಯ ಸರ್ಕಾರ ಮಕ್ಕಳ ರಕ್ಷಣಾ ನೀತಿ ತಂದಿತು. ಶಾಲೆಗಳಲ್ಲಿ ರಕ್ಷಣಾ ಸಮಿತಿ ಇರಬೇಕೆಂಬ ಮಾತು ಗಟ್ಟಿಯಾಯಿತು. ಸಮಿತಿ ಇದ್ದಲ್ಲಿ ನಡಾವಳಿ ಇರುತ್ತದೆ. ನಡಾವಳಿ ಇದ್ದಲ್ಲಿ ಅದನ್ನು ಎಲ್ಲಿ, ಯಾರ ಕೈಯಲ್ಲಿ, ಎಷ್ಟು ಕಾಲ ಇಡಬೇಕು ಎಂಬ ಪ್ರಶ್ನೆಯೂ ಬರುತ್ತದೆ.

ಶಾಲೆಯ ಕಾಗದಕ್ಕೆ ಎಷ್ಟು ತೂಕವಿದೆ ಎಂಬುದು ಹಳ್ಳಿಯವರಿಗೆ ಹೊಸ ವಿಷಯವಲ್ಲ. ದಾಖಲಾತಿ ರಜಿಸ್ಟರನ್ನು ಯಾವ ಹೆಡ್‌ಮಾಸ್ತರರೂ ರದ್ದಿಗೆ ಹಾಕುವುದಿಲ್ಲ. ಅಜ್ಜ ಓದಿದ ವರ್ಷದ ಪುಟವೂ ಕಪಾಟಿನಲ್ಲಿ ಸಿಗುತ್ತದೆ, ಏಕೆಂದರೆ ಪಿಂಚಣಿಗೂ ಜಾತಿ ಪ್ರಮಾಣಪತ್ರಕ್ಕೂ ಅದು ಬೇಕು. ನ್ಯಾಯಾಲಯದಲ್ಲೂ ಅಷ್ಟೇ. ಬಾಲನ್ಯಾಯ ಕಾಯ್ದೆಯ ಸೆಕ್ಷನ್ 94, ವಯಸ್ಸು ನಿರ್ಧರಿಸುವಾಗ ಶಾಲೆ ಕೊಟ್ಟ ಜನ್ಮದಿನಾಂಕದ ಪ್ರಮಾಣಪತ್ರ ಅಥವಾ ಮೆಟ್ರಿಕ್ ಪ್ರಮಾಣಪತ್ರವನ್ನು ಮೊದಲ ಸಾಲಿನಲ್ಲಿ ಇಟ್ಟಿದೆ. 2023ರ ಜುಲೈನಲ್ಲಿ ಯುವಪ್ರಕಾಶ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಬರಿಯ ಟಿ.ಸಿ. ಮತ್ತು ದಾಖಲಾತಿ ರಜಿಸ್ಟರಿನ ಉದ್ಧೃತ ಭಾಗ ಆ ಸೆಕ್ಷನ್ ಕೇಳುವ ಪುರಾವೆಯಾಗುವುದಿಲ್ಲ ಎಂದಿತು, ಪೋಕ್ಸೊ ಅಡಿಯ ಶಿಕ್ಷೆ ಬಿದ್ದುಹೋಯಿತು. ಕಾಗದವೊಂದು ಸರಿಯಾದ ರೂಪದಲ್ಲಿ ಇಲ್ಲದಿದ್ದರೆ ಇಡೀ ಮೊಕದ್ದಮೆ ಮುರಿದುಬೀಳಬಹುದು. ಮಗುವಿನ ವಯಸ್ಸಿನ ಪುರಾವೆಯನ್ನು ಶಾಶ್ವತವಾಗಿ ಇಡುವ ಶಾಲೆ, ಅದೇ ಮಗುವಿಗೆ ಆದ ಅನ್ಯಾಯದ ಪುರಾವೆಯನ್ನು ಮುಂದಿನ ಸುಣ್ಣಬಣ್ಣದ ದಿನ ಹೊರಗೆಸೆದರೆ ಅದಕ್ಕೆ ಸಮರ್ಥನೆ ಇರಲಾರದು.

ದೀರ್ಘಕಾಲ ಇಡಬೇಕು ಎನ್ನಲು ಬಲವಾದ ಕಾರಣ, ಮಕ್ಕಳು ತಡವಾಗಿ ಬಾಯಿಬಿಡುತ್ತಾರೆ ಎಂಬುದು. ಆಸ್ಟ್ರೇಲಿಯಾದಲ್ಲಿ ಶಾಲೆ, ಚರ್ಚು, ಅನಾಥಾಲಯಗಳಲ್ಲಿ ಮಕ್ಕಳ ಮೇಲೆ ನಡೆದ ಲೈಂಗಿಕ ದೌರ್ಜನ್ಯದ ವಿಚಾರಣೆಗೆ 2013ರಲ್ಲಿ ನೇಮಕವಾದ ರಾಯಲ್ ಕಮಿಷನ್ 2017ರ ಡಿಸೆಂಬರ್‌ನಲ್ಲಿ ವರದಿ ಕೊಟ್ಟಿತು. ಅದರ ಮುಂದೆ ಖಾಸಗಿಯಾಗಿ ಹೇಳಿಕೊಂಡವರು ತಮಗಾದದ್ದನ್ನು ಮೊದಲ ಸಲ ಯಾರಿಗಾದರೂ ಹೇಳಲು ಸರಾಸರಿ 23.9 ವರ್ಷ ತೆಗೆದುಕೊಂಡಿದ್ದರು. ಆ ಹೊತ್ತಿಗೆ ಬಹಳಷ್ಟು ಸಂಸ್ಥೆಗಳಲ್ಲಿ ಕಡತವೇ ಇರಲಿಲ್ಲ. ಇದನ್ನು ಕಂಡೇ ಕಮಿಷನ್, ಇಂಥ ದಾಖಲೆಯನ್ನು ಕನಿಷ್ಠ 45 ವರ್ಷ ಇಡಬೇಕೆಂದು ಶಿಫಾರಸು ಮಾಡಿತು. ಇಂಗ್ಲೆಂಡಿನ ಶಾಲೆಗಳಲ್ಲಿ ಮಗುವಿಗೆ 25 ತುಂಬುವವರೆಗೆ ರಕ್ಷಣಾ ಕಡತ ಇಡುವ ರೂಢಿ ಇದೆ. ಆದರೆ 2022ರ ಅಕ್ಟೋಬರ್‌ನಲ್ಲಿ ಅಂತಿಮ ವರದಿ ಕೊಟ್ಟ ಅಲ್ಲಿನ ಸ್ವತಂತ್ರ ವಿಚಾರಣಾ ಸಮಿತಿಗೆ ಅದು ಸಾಲದೆನಿಸಿತು. ಲೈಂಗಿಕ ದೌರ್ಜನ್ಯದ ದಾಖಲೆ 75 ವರ್ಷ ಇರಲಿ, ನಡುನಡುವೆ ಮರುಪರಿಶೀಲನೆ ಆಗಲಿ ಎಂದಿತು. ನಮ್ಮಲ್ಲಿ ಮೌನ ಇನ್ನೂ ಗಟ್ಟಿ. ಕೇಂದ್ರ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯ 2007ರಲ್ಲಿ ಪ್ರಕಟಿಸಿದ, 13 ರಾಜ್ಯಗಳ 12,447 ಮಕ್ಕಳನ್ನು ಮಾತನಾಡಿಸಿದ ಅಧ್ಯಯನದಲ್ಲಿ ಶೇ. 53ಕ್ಕೂ ಹೆಚ್ಚು ಮಕ್ಕಳು ಒಂದಲ್ಲ ಒಂದು ಬಗೆಯ ಲೈಂಗಿಕ ದೌರ್ಜನ್ಯ ಅನುಭವಿಸಿದ್ದಾಗಿ ಹೇಳಿದರು; ಅವರಲ್ಲಿ ಬಹುಪಾಲು ಮಕ್ಕಳು ಅದಕ್ಕೆ ಮೊದಲು ಯಾರಿಗೂ ಹೇಳಿರಲಿಲ್ಲ. ನೂರು ಮನೆಯ ಹಳ್ಳಿಯಲ್ಲಿ, ದೌರ್ಜನ್ಯ ಮಾಡಿದವನು ಸಂಬಂಧಿಯೋ ಊರ ಹಿರಿಯನೋ ಆಗಿದ್ದಾಗ, ಹುಡುಗಿ ಮಾತಾಡುವುದು ತನ್ನ ಕಾಲ ಮೇಲೆ ತಾನು ನಿಂತ ಬಳಿಕವೇ.

ನಮ್ಮ ಕಾನೂನು ಈ ತಡವನ್ನು ಒಪ್ಪಿಕೊಂಡಿದೆ. ಮೂರು ವರ್ಷಕ್ಕಿಂತ ಹೆಚ್ಚಿನ ಶಿಕ್ಷೆ ಇರುವ ಅಪರಾಧಗಳಿಗೆ ಹಳೆಯ ದಂಡ ಪ್ರಕ್ರಿಯಾ ಸಂಹಿತೆಯಲ್ಲೂ ಕಾಲಮಿತಿ ಇರಲಿಲ್ಲ, 2024ರ ಜುಲೈ 1ರಿಂದ ಜಾರಿಯಾದ ನಾಗರಿಕ ಸುರಕ್ಷಾ ಸಂಹಿತೆಯಲ್ಲೂ ಇಲ್ಲ. ಬಾಲ್ಯದಲ್ಲಿ ನಡೆದದ್ದನ್ನು ದೊಡ್ಡವರಾದ ಮೇಲೂ ದೂರು ಕೊಡಬಹುದು, ಪೋಕ್ಸೊ ಅಡಿ ಅದಕ್ಕೆ ವಯಸ್ಸಿನ ತಡೆಯಿಲ್ಲ ಎಂದು 2018ರ ಅಕ್ಟೋಬರ್‌ನಲ್ಲಿ ಕೇಂದ್ರ ಸರ್ಕಾರ ಸ್ಪಷ್ಟಪಡಿಸಿತು. ಪರಿಹಾರ ಕೋರಿ ಸಿವಿಲ್ ದಾವೆ ಹೂಡುವವರಿಗೂ 1963ರ ಕಾಲಮಿತಿ ಕಾಯ್ದೆ 18 ತುಂಬಿದ ಮೇಲೆ ಗರಿಷ್ಠ ಮೂರು ವರ್ಷದ ಅವಕಾಶ ಕೊಡುತ್ತದೆ. ಈಗ ಲೆಕ್ಕ ಹಾಕಿ. ಪೋಕ್ಸೊ ಜಾರಿಗೆ ಬಂದದ್ದು 2012ರ ನವೆಂಬರ್ 14ರಂದು. 2013ರಲ್ಲಿ ಎಂಟು ವರ್ಷದವಳಾಗಿದ್ದ ಬಾಲಕಿಯೊಬ್ಬಳು ಆಸ್ಟ್ರೇಲಿಯಾದ ಸರಾಸರಿಯಂತೆ 24 ವರ್ಷ ತಡವಾಗಿ ಮಾತಾಡಿದರೆ ಅದು 2037. ಆಗ ಅವಳಿಗೆ 32 ವರ್ಷ. ಅವಳ ಮುಂದೆ ನ್ಯಾಯಾಲಯದ ಬಾಗಿಲು ತೆರೆದಿರುತ್ತದೆ. ಆದರೆ ಅಂದಿನ ಶಿಕ್ಷಕಿ ನಿವೃತ್ತಿಯಾಗಿರುತ್ತಾರೆ, ಹೆಡ್‌ಮಾಸ್ತರರು ಐದಾರು ಸಲ ಬದಲಾಗಿರುತ್ತಾರೆ. ಆ ದಿನ ಬರೆದ ನಾಲ್ಕು ಸಾಲು ಉಳಿಯದಿದ್ದರೆ ಅವಳ ಮಾತಿಗೆ ಆಸರೆಯಾಗಿ ನಿಲ್ಲಲು ಬೇರೇನೂ ಇರುವುದಿಲ್ಲ. ದೂರು ಕೊಡಲು ಜೀವಮಾನವಿಡೀ ಅವಕಾಶ ಕೊಟ್ಟು, ದೂರಿಗೆ ಬೇಕಾದ ಕಾಗದವನ್ನು ಐದು ವರ್ಷಕ್ಕೆ ಸುಡುವುದು ಬಲಗೈಲಿ ಕೊಟ್ಟು ಎಡಗೈಲಿ ಕಸಿದುಕೊಂಡಂತೆ.

ಹಾಗಾದರೆ ಎಲ್ಲವನ್ನೂ ಎಂದೆಂದಿಗೂ ಇಟ್ಟುಬಿಡೋಣವೇ? ಅಲ್ಲ. ಎಷ್ಟು ವರ್ಷ ಎಂದು ಕೇಳುವ ಮೊದಲು ಆ ಕಾಗದ ಯಾರ ಬಗ್ಗೆ ಮಾತಾಡುತ್ತದೆ, ಯಾರ ಹೆಗಲ ಮೇಲೆ ಕೂರುತ್ತದೆ ಎಂದು ಕೇಳಬೇಕು. ಮಗು ನೊಂದ ದಾಖಲೆ, ಮಗು ತಪ್ಪು ಮಾಡಿದ ದಾಖಲೆ, ದೊಡ್ಡವರ ನಡತೆಯ ದಾಖಲೆ ಮೂರೂ ಬೇರೆ ಬೇರೆ. ಮೂರನ್ನೂ ಒಂದೇ ಫೈಲಿಗೆ ಪಿನ್ ಹೊಡೆದಿಡುವುದೇ ಮೊದಲ ತಪ್ಪು. ಲೈಂಗಿಕ ದೌರ್ಜನ್ಯ ಅಥವಾ ಗಂಭೀರ ದೈಹಿಕ ಹಿಂಸೆಯ ದಾಖಲೆಯನ್ನು 45 ವರ್ಷ ಇಡುವುದು ಯುಕ್ತ. ಹತ್ತು ವರ್ಷದ ಮಗು ಮೂವತ್ತನಾಲ್ಕಕ್ಕೆ ಮಾತಾಡಿ, ವಿಚಾರಣೆ ಮೇಲ್ಮನವಿಗಳು ಇನ್ನೊಂದು ದಶಕ ಎಳೆದರೂ ಕಾಗದ ಉಳಿದಿರುತ್ತದೆ. ಬಾಲ್ಯವಿವಾಹದ ಸುಳಿವು, ಮನೆಯಲ್ಲಿನ ನಿರ್ಲಕ್ಷ್ಯ, ಶಾಲೆಯಲ್ಲಿನ ಹೊಡೆತದಂಥ ಇತರ ರಕ್ಷಣಾ ಟಿಪ್ಪಣಿಗಳನ್ನು ಮಗುವಿಗೆ 25 ತುಂಬುವವರೆಗೆ ಇಟ್ಟರೆ ಸಿವಿಲ್ ದಾವೆಯ ಅವಧಿಯೂ ದಾಟುತ್ತದೆ. ಮಗುವೇ ತಪ್ಪು ಮಾಡಿದ್ದರೆ ಬಾಲನ್ಯಾಯ ಮಂಡಳಿಯ ಬಳಿ ಏಳು ವರ್ಷ ಇರುವ ದಾಖಲೆ ಸಾಕು, ಅದರ ನಕಲು ಶಾಲೆಯಲ್ಲಿ ಇರುವ ಅಗತ್ಯವೇ ಇಲ್ಲ. ಜಗಳ, ಗಲಾಟೆ, ಬೀಡಿ ಸೇದಿದ್ದು, ಕಾಪಿ ಹೊಡೆದದ್ದು ಮುಂತಾದ ಶಿಸ್ತಿನ ಟಿಪ್ಪಣಿಗಳು ಹುಡುಗ ಶಾಲೆ ಬಿಟ್ಟ ದಿನವೇ ಹೋಗಬೇಕು. ಮತ್ತು ಎಲ್ಲ ಗಡುವುಗಳ ಮೇಲೆ ಒಂದು ನಿಯಮ: ಪ್ರಕರಣವೋ ಮೇಲ್ಮನವಿಯೋ ಬಾಕಿ ಇರುವಾಗ ಯಾವ ಕಾಗದವನ್ನೂ ಮುಟ್ಟಕೂಡದು.

ಬಾಲ್ಯವಿವಾಹದ ಮಾತನ್ನು ಇಲ್ಲಿ ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಈ ಸೀಮೆಯ ಶಾಲೆಗಳ ರಕ್ಷಣಾ ಕೆಲಸದ ದೊಡ್ಡ ಪಾಲು ಅದೇ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ 20ರಿಂದ 24 ವಯಸ್ಸಿನ ಮಹಿಳೆಯರ ಪೈಕಿ ಶೇ. 21ರಷ್ಟು ಮಂದಿ 18 ತುಂಬುವ ಮೊದಲೇ ಮದುವೆಯಾದವರು. 2016ರ ರಾಜ್ಯ ತಿದ್ದುಪಡಿಯ ನಂತರ ಇಲ್ಲಿ ನಡೆಯುವ ಬಾಲ್ಯವಿವಾಹ ಮೊದಲಿನಿಂದಲೇ ಅಸಿಂಧು. ಆದರೆ ಅಸಿಂಧು ಎಂದು ಸಾಬೀತುಪಡಿಸುವ ಹೊರೆ ಹೊರುವವಳು ಆ ಹುಡುಗಿಯೇ, ಅದೂ ಬಹುಶಃ ಕೈಯಲ್ಲೊಂದು ಕೂಸು ಹೊತ್ತು, ಗಂಡನ ಮನೆಯಿಂದ ಹೊರಬಿದ್ದ ಮೇಲೆ. ಅವಳ ಪರವಾಗಿ ಮಾತಾಡುವುದು ಶಾಲೆಯ ಹಾಜರಿ ಪುಸ್ತಕ, ಜನ್ಮದಿನಾಂಕ ಮತ್ತು ‘ಇಂಥ ದಿನ ಮನೆಗೆ ಹೋಗಿದ್ದೆವು, ಮದುವೆ ಗೊತ್ತಾಗಿದೆ ಎಂದರು, ಅಧಿಕಾರಿಗಳಿಗೆ ತಿಳಿಸಿದೆವು’ ಎಂಬ ಒಂದು ಟಿಪ್ಪಣಿ. ಶಾಲೆ ಬಿಟ್ಟ ಮಕ್ಕಳ ಪಟ್ಟಿಯಲ್ಲಿ ಅವಳ ಹೆಸರಿನ ಮುಂದೆ ‘ಗೈರು’ ಎಂದಷ್ಟೇ ಬರೆದು ಮುಗಿಸಿದ ಶಾಲೆ ಅವಳಿಗೆ ಯಾವ ನೆರವೂ ಆಗಲಾರದು.

ದೊಡ್ಡವರ ನಡತೆಯ ದಾಖಲೆಗೆ ಇನ್ನೊಂದೇ ತರ್ಕ. ಇಂಗ್ಲೆಂಡಿನ ಸೋಹಮ್ ಎಂಬ ಊರಿನಲ್ಲಿ 2002ರ ಆಗಸ್ಟ್‌ನಲ್ಲಿ ಹತ್ತು ವರ್ಷದ ಇಬ್ಬರು ಬಾಲಕಿಯರ ಕೊಲೆಯಾಯಿತು. ಕೊಂದವನು ಅಲ್ಲಿನ ಪ್ರೌಢಶಾಲೆಯ ಉಸ್ತುವಾರಿ ನೌಕರ. ಅವನ ಮೇಲೆ ಇನ್ನೊಂದು ಪ್ರಾಂತದಲ್ಲಿ ಹಿಂದೆ ಹಲವು ಲೈಂಗಿಕ ದೂರುಗಳು ಬಂದಿದ್ದವು. ಆದರೆ ಅವು ಒಂದೆಡೆ ಸರಿಯಾಗಿ ದಾಖಲಾಗಿರಲಿಲ್ಲ, ಉಳಿದಿರಲೂ ಇಲ್ಲ, ಕೆಲಸಕ್ಕೆ ತೆಗೆದುಕೊಂಡವರಿಗೆ ತಲುಪಲೂ ಇಲ್ಲ. ಮಾಹಿತಿ ಸಂರಕ್ಷಣಾ ಕಾನೂನೇ ದಾಖಲೆ ಅಳಿಸುವಂತೆ ಮಾಡಿತು ಎಂದು ಪೊಲೀಸರು ಮೊದಲು ಹೇಳಿದ್ದನ್ನು 2004ರ ಬಿಚರ್ಡ್ ವಿಚಾರಣೆ ಒಪ್ಪಲಿಲ್ಲ. ಒಂದೊಂದಾಗಿ ನೋಡಿದರೆ ದುರ್ಬಲವೆನಿಸುವ ದೂರುಗಳು ಸಾಲಾಗಿ ಇಟ್ಟಾಗ ಬೇರೆಯೇ ಚಿತ್ರ ಕೊಡುತ್ತವೆ. ನಮ್ಮಲ್ಲಿ ಆರೋಪ ಹೊತ್ತ ನೌಕರನನ್ನು ಇನ್ನೊಂದು ಊರಿಗೆ ವರ್ಗ ಮಾಡಿಸಿ ‘ಗದ್ದಲ ಮುಗೀತು’ ಎನ್ನುವ ರಿವಾಜು ಹಳೆಯದು. ಹೊಸ ಊರಿನ ಮಕ್ಕಳಿಗೆ ಅದರಿಂದ ಏನು ಬಂತು? ಆದ್ದರಿಂದ ನೌಕರರ ಮೇಲಿನ ದೂರು ಮಗುವಿನ ಕಡತದಲ್ಲಿ ಅಲ್ಲ, ಪ್ರತ್ಯೇಕವಾಗಿ, ಮಗುವಿನ ಹೆಸರಿಲ್ಲದೆ, ಶಾಲೆಯ ಮೇಲಿನ ಕಚೇರಿಯಲ್ಲಿ ಇರಬೇಕು. ಅದು ನೌಕರನ ಸೇವಾವಧಿಯುದ್ದಕ್ಕೂ ಅವನೊಂದಿಗೆ ಹೋಗಬೇಕು. ಅತಿಥಿ ಶಿಕ್ಷಕರು, ಹಾಸ್ಟೆಲ್ ಅಡುಗೆಯವರು, ವಾಹನ ಚಾಲಕರೂ ಇದರಲ್ಲಿ ಸೇರಬೇಕು. ಮಕ್ಕಳೊಂದಿಗೆ ಒಡನಾಡುವ ಸಿಬ್ಬಂದಿಯ ಹಿನ್ನೆಲೆಯನ್ನು ಪೊಲೀಸರಿಂದ ಪರಿಶೀಲಿಸಬೇಕು ಎಂದು 2020ರ ಪೋಕ್ಸೊ ನಿಯಮಗಳೇ ಹೇಳುತ್ತವೆ. ಪರಿಶೀಲಿಸಲು ಹಿಂದಿನದೇನಾದರೂ ಉಳಿದಿರಬೇಕಲ್ಲ.

ಇಲ್ಲಿ ಶಿಕ್ಷಕರ ಆಕ್ಷೇಪ ಬರುತ್ತದೆ, ಅದು ತೂಕದ್ದೇ. ಗ್ರಾಮ ರಾಜಕೀಯ, ಜಾತಿ ಜಗಳ, ಶಾಲಾಭಿವೃದ್ಧಿ ಸಮಿತಿಯ ಒಳಗಿನ ಹಗೆತನ ದೂರಿನ ವೇಷ ಹಾಕಿ ಬರುವುದು ಯಾರಿಗೆ ಗೊತ್ತಿಲ್ಲ? ಸುಳ್ಳು ದೂರೊಂದು ಜೀವನಪೂರ್ತಿ ಬೆನ್ನ ಹಿಂದೆ ಬರಬೇಕೇ? ಬೇಡ. ಆದರೆ ಇದಕ್ಕೆ ಮದ್ದು ದಾಖಲೆಯನ್ನೇ ಇಲ್ಲವಾಗಿಸುವುದಲ್ಲ, ಪೂರ್ತಿ ಮಾಡುವುದು. ದೂರಿನ ಜೊತೆಗೆ ಶಿಕ್ಷಕರ ಉತ್ತರ, ವಿಚಾರಣೆಯ ಫಲ, ಕೊನೆಯ ತೀರ್ಮಾನ ಮೂರೂ ಇರಲೇಬೇಕು. ವಿಚಾರಣೆಯಲ್ಲಿ ಸುಳ್ಳೆಂದು ಸಾಬೀತಾದದ್ದನ್ನು ಆ ತೀರ್ಮಾನ ಅಂತಿಮವಾದ ಕೂಡಲೇ ತೆಗೆದುಹಾಕಬೇಕು. ಸುಳ್ಳು ದೂರು ಕೊಟ್ಟ ವಯಸ್ಕರಿಗೆ ಪೋಕ್ಸೊ ಸೆಕ್ಷನ್ 22ರಲ್ಲಿ ಶಿಕ್ಷೆಯೂ ಇದೆ. ಸಾಕ್ಷ್ಯ ಸಾಲದೆ ನಿಂತುಹೋದ ದೂರು ಮಾತ್ರ ಸುಳ್ಳು ದೂರಲ್ಲ; ಅದು ‘ಸಾಬೀತಾಗಿಲ್ಲ’ ಎಂಬ ಷರಾದೊಂದಿಗೆ ಉಳಿಯಬೇಕು. ಇನ್ನು ಪ್ರಾಮಾಣಿಕ ಹೆಡ್‌ಮಾಸ್ತರರಿಗಂತೂ ಕಡತವೇ ಕವಚ. 2022ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಮುಂದೆ ಬಂದ ಮಹಾರಾಷ್ಟ್ರದ ಚಂದ್ರಾಪುರ ಜಿಲ್ಲೆಯ ಪ್ರಕರಣವನ್ನು ನೋಡಿ. ಶಾಲಾ ಹಾಸ್ಟೆಲ್‌ನ ಬುಡಕಟ್ಟು ಬಾಲಕಿಯರ ಮೇಲಿನ ದೌರ್ಜನ್ಯ ಗೊತ್ತಿದ್ದೂ ಪೊಲೀಸರಿಗೆ ತಿಳಿಸಲಿಲ್ಲ ಎಂಬ ಆರೋಪ ವೈದ್ಯರೊಬ್ಬರ ಮೇಲಿತ್ತು. ಹೈಕೋರ್ಟ್ ರದ್ದುಪಡಿಸಿದ್ದ ಎಫ್‌ಐಆರ್‌ಗೆ ಸುಪ್ರೀಂ ಕೋರ್ಟ್ ಮತ್ತೆ ಜೀವ ಕೊಟ್ಟು, ಗೊತ್ತಿದ್ದೂ ತಿಳಿಸದಿರುವುದು ಗಂಭೀರ ಅಪರಾಧ ಎಂದಿತು. ಯಾರಿಗೆ ಯಾವಾಗ ಗೊತ್ತಾಯಿತು, ಅವರು ಯಾವಾಗ ತಿಳಿಸಿದರು ಎಂಬುದೇ ಇಂಥಲ್ಲಿ ನಿರ್ಣಾಯಕ. ಠಾಣೆಯ ಸ್ವೀಕೃತಿ ಕಪಾಟಿನಲ್ಲಿದ್ದರೆ ಹತ್ತು ವರ್ಷ ಬಿಟ್ಟು ಕೇಳಿದರೂ ಉತ್ತರ ಕೊಡಬಹುದು.

ಪೊಲೀಸರ ಬಳಿ, ನ್ಯಾಯಾಲಯದಲ್ಲಿ ಎಲ್ಲ ಇದೆಯಲ್ಲ, ಶಾಲೆಗೇಕೆ ಈ ಉಸಾಬರಿ ಎಂಬ ಮಾತೂ ಇದೆ. ಠಾಣೆಗೆ ಹೋದ ಪ್ರಕರಣದ ಮಟ್ಟಿಗೆ ಇದರಲ್ಲಿ ಅರ್ಧ ಸತ್ಯವಿದೆ. ಆದರೆ ಠಾಣೆಗೆ ಹೋಗುವ ಮೊದಲಿನ ಕತೆ ಶಾಲೆಯಲ್ಲಿ ಮಾತ್ರ ಇರುತ್ತದೆ. ಆರನೆಯ ತರಗತಿಯಲ್ಲಿ ಒಮ್ಮೆ ಅತ್ತದ್ದು, ಏಳರಲ್ಲಿ ಹಾಸ್ಟೆಲ್‌ಗೆ ಹೋಗಲು ಒಲ್ಲೆ ಎಂದದ್ದು, ಎಂಟರಲ್ಲಿ ಹಾಜರಿ ಕುಸಿದದ್ದು, ಇವುಗಳನ್ನು ಯಾವ ಪೊಲೀಸರೂ ಬರೆದುಕೊಂಡಿರುವುದಿಲ್ಲ. ಕರ್ತವ್ಯದ ಅಂಗವಾಗಿ ಆಗಿಂದಾಗ್ಗೆ ಬರೆದ ನಮೂದಿಗೆ, ವರ್ಷಗಳ ಬಳಿಕ ನೆನಪಿನಿಂದ ಹೇಳಿದ ಮಾತಿಗಿಂತ ಹೆಚ್ಚಿನ ಬೆಲೆ ಸಿಗುವುದು ಸಹಜ.

ಎಲ್ಲಕ್ಕಿಂತ ದೊಡ್ಡ ಆಕ್ಷೇಪ ಮಾನದ್ದು. ದೇವರ ಹಿಪ್ಪರಗಿಯಲ್ಲಿ ಒಬ್ಬರಿಗೆ ಗೊತ್ತಾದದ್ದು ಸಂತೆಯ ದಿನ ಎಲ್ಲರಿಗೂ ಗೊತ್ತಾಗುತ್ತದೆ. ನಾಳೆ ಹುಡುಗಿಯ ಲಗ್ನದ ಮಾತು ಬಂದಾಗ ಯಾರೋ ಹಳೇ ಫೈಲು ತೆಗೆದರೆ? ಈ ಭಯವನ್ನು ಹಗುರಾಗಿ ತಳ್ಳಿಹಾಕುವಂತಿಲ್ಲ. ಆದರೆ ಸೋರಿಕೆಗೆ ಕಾರಣ ಕಡತದ ವಯಸ್ಸಲ್ಲ, ಬೀಗವಿಲ್ಲದ ಕಪಾಟು. ವಚನಕಾರ ಮಡಿವಾಳ ಮಾಚಿದೇವರು ಹುಟ್ಟಿದ ಊರಿದು ಎಂದು ಇಲ್ಲಿನವರಿಗೆ ಹೆಮ್ಮೆ; ಕಲ್ಯಾಣದಿಂದ ಶರಣರು ಚದುರಿದಾಗ ವಚನದ ಕಟ್ಟುಗಳನ್ನು ಕಾಪಾಡಿದ ದಂಡಿನ ಮುಂದೆ ಅವರಿದ್ದರೆಂದು ಪರಂಪರೆ ನೆನೆಯುತ್ತದೆ. ಇದೇ ವಿಜಯಪುರದಲ್ಲಿ ವಕೀಲಿ ಮಾಡುತ್ತಿದ್ದ ಫ. ಗು. ಹಳಕಟ್ಟಿಯವರು ಮನೆ ಮನೆಯ ತಾಳೆಗರಿ ಹುಡುಕಿ 1923ರಲ್ಲಿ ‘ವಚನಶಾಸ್ತ್ರಸಾರ’ ಪ್ರಕಟಿಸಿದರು. ಎಲ್ಲರೂ ಓದಲಿ ಎಂದು ಕಾಪಾಡುವ ಪರಂಪರೆ ಅದು. ನೊಂದ ಮಗುವಿನ ದಾಖಲೆಯನ್ನು ಕಾಪಾಡುವುದು ಅದಕ್ಕೆ ತೀರ ಎದುರು: ಆ ಮಗುವಿನ ಹೊರತು ಯಾರೂ ಓದದಂತೆ ಕಾಯುವ ಕೆಲಸ. ಪೋಕ್ಸೊ ಸೆಕ್ಷನ್ 23 ಮತ್ತು ಬಾಲನ್ಯಾಯ ಕಾಯ್ದೆಯ ಸೆಕ್ಷನ್ 74 ಮಗುವಿನ ಗುರುತು ಬಯಲು ಮಾಡುವುದನ್ನು ಅಪರಾಧವಾಗಿಸಿವೆ. ಇದನ್ನು ಶಾಲೆಯ ಮಟ್ಟಕ್ಕೆ ಇಳಿಸಿದರೆ ನಿಯಮಗಳು ಸರಳ. ಕಡತದ ಮೇಲೆ ಹೆಸರಲ್ಲ, ಸಂಖ್ಯೆ. ಹೆಸರು ಮತ್ತು ಸಂಖ್ಯೆ ಹೊಂದಿಸುವ ಪುಸ್ತಕ ಬೇರೆ ಕಡೆ. ಲಕೋಟೆಗೆ ಮೊಹರು, ತೆರೆದವರ ಹೆಸರು ಮತ್ತು ಕಾರಣ ಬರೆಯುವ ವಹಿ. ಟಿ.ಸಿ.ಯಲ್ಲಾಗಲಿ ನಡತೆಯ ಪ್ರಮಾಣಪತ್ರದಲ್ಲಾಗಲಿ ಇದರ ಸುಳಿವೂ ಇರಕೂಡದು.

ಇಷ್ಟನ್ನೂ ಇಬ್ಬರೇ ಶಿಕ್ಷಕರಿರುವ ಕಿರಿಯ ಪ್ರಾಥಮಿಕ ಶಾಲೆ ಮಾಡಲಾದೀತೇ? ಬಿಸಿಯೂಟದ ಲೆಕ್ಕ, ಸಮೀಕ್ಷೆ, ಆನ್‌ಲೈನ್ ನಮೂದುಗಳ ನಡುವೆ ಇನ್ನೊಂದು ಹೊರೆ ಎಂದು ಶಿಕ್ಷಕರು ಗೊಣಗಿದರೆ ತಪ್ಪಿಲ್ಲ. ಅದಕ್ಕೇ ದೀರ್ಘಕಾಲದ ಪಾಲನೆ ಶಾಲೆಯ ಕೆಲಸವಾಗಬಾರದು. ಮಗು ಶಾಲೆಯಲ್ಲಿರುವಷ್ಟು ದಿನ ಕಡತ ಶಾಲೆಯಲ್ಲಿರಲಿ. ಬೇರೆ ಶಾಲೆಗೆ ಹೋದರೆ, ಇಂಗ್ಲೆಂಡಿನಲ್ಲಿ ಮಾಡುವಂತೆ, ಸಾಮಾನ್ಯ ದಾಖಲೆಯಿಂದ ಬೇರ್ಪಡಿಸಿ, ಐದು ದಿನದೊಳಗೆ, ಸ್ವೀಕೃತಿ ಪಡೆದು ಆ ಶಾಲೆಗೆ ಕಳಿಸಲಿ. ಗುಳೆ ಹೋಗುವ ಮಕ್ಕಳಿಗೆ ಇದು ತುಂಬ ಮುಖ್ಯ. ಮಗು ಶಾಲಾ ಶಿಕ್ಷಣ ಮುಗಿಸಿದ ಅಥವಾ ಬಿಟ್ಟ ವರ್ಷವೇ ಮೊಹರು ಮಾಡಿದ ಲಕೋಟೆ ವಿಜಯಪುರದ ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ ಹೋಗಲಿ. ಒಂದು ಶಾಲೆಯಿಂದ ವರ್ಷಕ್ಕೆ ಹೋಗುವುದು ಬೆರಳೆಣಿಕೆಯ ಲಕೋಟೆಗಳು. ಹೆಡ್‌ಮಾಸ್ತರರು ಚಾರ್ಜ್ ಬಿಟ್ಟುಕೊಡುವಾಗ ಪಟ್ಟಿಯಲ್ಲಿ ಒಂದು ಸಾಲು ಹೆಚ್ಚಾಗುತ್ತದೆ ಅಷ್ಟೆ. ಮಕ್ಕಳ ಕಲಿಕೆಯ ವಿವರ ಇರುವ ಎಸ್‌ಎಟಿಎಸ್‌ನಂಥ ತಂತ್ರಾಂಶಕ್ಕೆ ಮಾತ್ರ ಇದನ್ನು ಸೇರಿಸಕೂಡದು. ಹಲವರ ಪಾಸ್‌ವರ್ಡ್ ಇರುವಲ್ಲಿ ಗುಟ್ಟು ನಿಲ್ಲದು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಉದ್ದೇಶ ತೀರಿದ ದತ್ತಾಂಶವನ್ನು ಅಳಿಸಬೇಕು ಎನ್ನುತ್ತದೆ, ಕಾನೂನಿಗೆ ಬೇಕಾದದ್ದನ್ನು ಇಡಲು ಬಿಡುತ್ತದೆ. ಆದರೆ ಅದು ಡಿಜಿಟಲ್ ಆದದ್ದಕ್ಕೆ ಮಾತ್ರ ಅನ್ವಯ. ಕಪಾಟಿನ ಕಾಗದ ಅದರ ಹೊರಗೆ. ಮಾಹಿತಿ ಹಕ್ಕು ಕಾಯ್ದೆಯ ಸೆಕ್ಷನ್ 8(3) ಇನ್ನೊಂದು ಎಚ್ಚರಿಕೆ ಕೊಡುತ್ತದೆ: 20 ವರ್ಷ ಹಳೆಯ ಘಟನೆಗಳ ಮಾಹಿತಿಗೆ ಖಾಸಗಿತನದ ವಿನಾಯಿತಿಯೂ ಸೇರಿ ಹಲವು ವಿನಾಯಿತಿಗಳು ಇಲ್ಲವಾಗುತ್ತವೆ. ಸರ್ಕಾರಿ ಶಾಲೆಯ ಕಡತವನ್ನು 45 ವರ್ಷ ಇಡಲು ಹೊರಟರೆ, ಮಗುವಿನ ಗುರುತು ಆ ಬಾಗಿಲಿನಿಂದಲೂ ಹೊರಹೋಗದಂತೆ ಅದೇ ಆದೇಶದಲ್ಲಿ ಬರೆದಿಡಬೇಕು.

ಕೊನೆಯದಾಗಿ, ಈ ಕಡತದ ಒಡೆತನ. ಶಾಲೆ, ಇಲಾಖೆ, ಪೊಲೀಸರು ಎಲ್ಲರೂ ಅದರ ಕಾವಲುಗಾರರು ಮಾತ್ರ. 18 ತುಂಬಿದ ಮೇಲೆ ತನ್ನ ಬಗ್ಗೆ ಏನು ಬರೆದಿದ್ದಾರೆಂದು ಓದುವ, ಅದರ ಪಕ್ಕದಲ್ಲಿ ತನ್ನ ಮಾತನ್ನು ಸೇರಿಸುವ ಹಕ್ಕು ಆ ವ್ಯಕ್ತಿಗೆ ಇರಬೇಕು. ನನಗಿದು ಬೇಡ, ಸುಟ್ಟುಬಿಡಿ ಎಂದು 25ರ ನಂತರ ಕೇಳಿದರೆ, ಪ್ರಕರಣ ಬಾಕಿ ಇಲ್ಲದಿದ್ದಲ್ಲಿ ಅದಕ್ಕೂ ಒಪ್ಪಬೇಕು. ಆಗಲೂ ಆರೋಪಿ ನೌಕರನ ಬಗೆಗಿನ ಪ್ರತ್ಯೇಕ ದಾಖಲೆ ಮಗುವಿನ ಹೆಸರಿಲ್ಲದೆ ಉಳಿಯುತ್ತದೆ, ಏಕೆಂದರೆ ಅದು ಮುಂದಿನ ಮಕ್ಕಳದ್ದು. ಗಡುವು ಮುಗಿದ ಕಡತವನ್ನು ನಾಶ ಮಾಡುವಾಗಲೂ ಯಾವ ಸಂಖ್ಯೆಯದು, ಯಾವ ದಿನ, ಯಾರ ಆದೇಶದಂತೆ ಎಂಬ ಒಂದು ಸಾಲು ಉಳಿಯಬೇಕು. ಗೆದ್ದಲು ತಿಂದಿತು, ನೀರು ಬಂತು ಎಂಬ ನೆಪಕ್ಕೆ ಆಗ ಜಾಗ ಇರುವುದಿಲ್ಲ.

ಇದಕ್ಕೆ ಹೊಸ ಶಾಸನ ಕಾಯಬೇಕಿಲ್ಲ. ಶಾಲಾ ಶಿಕ್ಷಣ ಇಲಾಖೆ ಮತ್ತು ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆ ಕೂಡಿ ಒಂದು ಸುತ್ತೋಲೆ ಹೊರಡಿಸಿ, ಯಾವ ದಾಖಲೆ ಎಷ್ಟು ವರ್ಷ, ಎಲ್ಲಿ, ಯಾರ ಕೈಯಲ್ಲಿ ಎಂದು ಒಂದು ಪುಟದಲ್ಲಿ ಹೇಳಿದರೆ ಕೆಲಸ ಶುರುವಾಗುತ್ತದೆ. ಸುತ್ತೋಲೆ ಬರುವವರೆಗೆ ಪಾಲಕರು ಸುಮ್ಮನಿರಬೇಕಿಲ್ಲ. ಮುಂದಿನ ಶಾಲಾಭಿವೃದ್ಧಿ ಸಮಿತಿಯ ಸಭೆಯಲ್ಲಿ, ಮಕ್ಕಳ ಗ್ರಾಮಸಭೆಯಲ್ಲಿ ಮೂರು ಪ್ರಶ್ನೆ ಕೇಳಿ: ನಮ್ಮ ಸಾಲಿಯಲ್ಲಿ ಮಕ್ಕಳ ದೂರನ್ನು ಯಾರು ಬರೆದಿಡುತ್ತಾರೆ? ಅದರ ಕೀಲಿಕೈ ಯಾರ ಬಳಿ ಇದೆ? ಹಿಂದಿನ ಹೆಡ್‌ಮಾಸ್ತರರ ಕಾಲದ ದೂರುಗಳು ಈಗ ಎಲ್ಲಿವೆ? ಯಾರದೇ ಮಗುವಿನ ಹೆಸರು ಕೇಳಬೇಡಿ. ಈ ಮೂರಕ್ಕೆ ನೇರ ಉತ್ತರ ಸಿಗದ ಶಾಲೆಯಲ್ಲಿ ಸಮಿತಿ ಕಾಗದದ ಮೇಲಷ್ಟೇ ಇದೆ ಎಂದು ತಿಳಿಯಿರಿ, ಉತ್ತರ ಸಿಗುವವರೆಗೆ ಕೇಳುವುದನ್ನು ಬಿಡಬೇಡಿ.